ಬೂಚಿನ ತೊಗಟೆ

ಬೆಳಗಾವಿ
೪ ಮೇ ೧೯೪೨

ಗಂ. ಭಾ. ಗೋದಾಬಾಯಿಯವರಿಗೆ ಪಂಢರಿನಾಥನ ನಮಸ್ಕಾರಗಳು.

ನನ್ನನ್ನು ನೀವು ನೋಡಿಲ್ಲ. ರಂಗೂನಿನಲ್ಲಿ ನಿಮ್ಮ ಯಜಮಾನರಾದ ಶ್ಯಾಮರಾಯರೂ ನಾನೂ ಒಂದೇ ಕಚೇರಿಯಲ್ಲಿ ಕಾರಕೂನರಾಗಿದ್ದೆವು. ಆರು ವರ್ಷ ಒಂದೇ ಖೋಲಿಯಲ್ಲಿ ಇದ್ದೆವು. ಅವರು ನಿಮಗೆ ಬರೆದ ಪತ್ರಗಳನ್ನು ಎಷ್ಟೋ ಸಲ ನಾನೇ ಟಪಾಲಿಗೆ ಹಾಕಿದ್ದೇನೆ, ಆದ್ದರಿಂದ ವಿಳಾಸ ಬಾಯಿಪಾಠವಿದೆ.

ಬಾಂಬು ಬಿದ್ದ ಮೇಲೆ ಫೆಬ್ರುವರಿ ಎಂಟಕ್ಕೆ ರಂಗೂನು ಬಿಟ್ಟೆವು. ಪ್ರೋಮ್‌ವರೆಗೆ ರೈಲು. ಅಲ್ಲಿಂದ ತೌಂಗಪ್ ಘಾಟು ದಾಟಿ ಸಮುದ್ರದವರೆಗೆ ನಡಿಗೆ. ದಾರಿಯಲ್ಲಿ ಕಾಲರಾ ಇತ್ತು. ಶ್ಯಾಮರಾಯರಿಗೆ ಭಾನುವಾರ ತಗಲಿತು. ಅಂದಿನಿಂದ ಅವರಿಗೆ ಎಚ್ಚರವಿರಲಿಲ್ಲ. ಫೆಬ್ರುವರಿ ೨೪, ಮಂಗಳವಾರ, ಫಾಲ್ಗುಣ ಶುದ್ಧ ನವಮಿ, ಮಧ್ಯಾಹ್ನ ತೀರಿಕೊಂಡರು. ನಾನೇ ಅಗ್ನಿ ಕೊಟ್ಟೆ. ಅವರಿಗೆ ತ್ರಾಸವಾಗಲಿಲ್ಲ.

ನಾನು ಊರು ಮುಟ್ಟಿದ ಮೇಲೆ ಮಲೇರಿಯಾದಿಂದ ಮಲಗಿದ್ದೆ. ಬರೆಯಲು ತಡವಾದುದಕ್ಕೆ ಕ್ಷಮಿಸಬೇಕು.

ಅವರ ವಸ್ತು ಒಂದು ನನ್ನಲ್ಲಿದೆ. ಕುಂಡದಲ್ಲಿ ಬೆಳೆಸಿದ ಸಣ್ಣ ಮರ. ಪರಿಚಯದ ರೈಲ್ವೆ ಗಾರ್ಡ್ ಶಿವಪುತ್ರಪ್ಪನವರು ಜೂನ್‌ನಲ್ಲಿ ಪುಣೆಗೆ ಬರುವಾಗ ತಂದುಕೊಡುತ್ತಾರೆ.

ಪಂಢರಿನಾಥ

ಪುಣೆ, ಶನಿವಾರ ಪೇಠ
೨೧ ಜೂನ್ ೧೯೪೨

ಶ್ರೀ ಪಂಢರಿನಾಥರಾಯರಿಗೆ ಗೋದಾಬಾಯಿಯ ನಮಸ್ಕಾರ.

ನಿಮ್ಮ ಪತ್ರ ಮೇ ಏಳಕ್ಕೆ ಮುಟ್ಟಿತು. ಒಡೆಯುವ ಮೊದಲೇ ಸುದ್ದಿ ತಿಳಿಯಿತು. ಗಂಡನಿದ್ದವಳ ಹೆಸರಿನ ಮೊದಲು ಸೌ. ಎಂದೂ ಗಂಡ ಹೋದವಳ ಹೆಸರಿನ ಮೊದಲು ಗಂ. ಭಾ. ಎಂದೂ ಬರೆಯುವ ರೂಢಿ ನಿಮ್ಮ ಬೆಳಗಾವಿಯಂತೆ ಇಲ್ಲಿಯೂ ಇದೆ. ಟಪಾಲಿನವನು ಲಕೋಟೆ ನೋಡಿ ನನ್ನ ಕೈಗೆ ಕೊಡಲಿಲ್ಲ, ಕಟ್ಟೆಯ ಮೇಲಿಟ್ಟು ಹೋದ. ಮಾವನವರ ಅಕ್ಕ ಗೌರಾಬಾಯಿ, ನಾವು ಅತ್ಯಾ ಎನ್ನುತ್ತೇವೆ, ಓದು ಬಾರದವರು. ಆದರೆ ಆ ಎರಡು ಅಕ್ಷರ ಅವರಿಗೆ ಗೊತ್ತು. ಮೂವತ್ತೆಂಟು ವರ್ಷದಿಂದ ಅವರ ಹೆಸರಿನ ಮೊದಲೂ ಅವೇ ಇವೆ. “ಮೊದಲ ತಲಿ ಮ್ಯಾಲೆ ನೀರು ಹಾಕ್ಕೋ, ಆಮ್ಯಾಲೆ ಓದು” ಎಂದರು. ಸ್ನಾನ ಮಾಡಿ ಬಂದು ಓದಿದೆ. ಮಾವನವರ ಕಣ್ಣಿಗೆ ಪೊರೆ ಬಂದಿದೆ, ಮನೆಗೆ ಬರುವ ಪತ್ರವನ್ನೂ ದಿನಪತ್ರಿಕೆಯನ್ನೂ ನಾನೇ ಓದಿ ಹೇಳಬೇಕು. ಇದನ್ನೂ ಓದಿದೆ. ಅವರು, “ತಾರೀಖು ಇನ್ನೊಮ್ಮೆ ಓದು” ಎಂದರು. ಓದಿದೆ.

ವಿಧಿಗಳೆಲ್ಲ ಆದವು. ಬಳೆ, ಕುಂಕುಮ ತೆಗೆದಿದೆ. ತಲೆ ಬೋಳಿಸುವುದನ್ನು ಮಾವನವರು ಬೇಡವೆಂದರು.

ಮರ ಜೂನ್ ೧೪ಕ್ಕೆ ಬಂತು. ಶಿವಪುತ್ರಪ್ಪನವರು ಚಹಾ ಮಾತ್ರ ಕುಡಿದು ಹೋದರು. ಸೆಣಬಿನ ಚೀಲ, ಅದರ ಸುತ್ತ ಧೋತರದ ಪಟ್ಟಿ, ಪಟ್ಟಿಗೆ ಹೆಗಲಿಗೆ ಹಾಕಿಕೊಳ್ಳುವ ಎರಡು ಕುಣಿಕೆ. ಮರ ಒಂದು ಗೇಣು ನಾಲ್ಕು ಬೆರಳು ಇದೆ. ಇದು ಯಾವ ಮರ, ಹೇಗೆ ನೋಡಿಕೊಳ್ಳಬೇಕು, ತಿಳಿಸಬೇಕು.

ಮತ್ತೆ ಮೂರು ಸಂಗತಿ. ಅವರು ಕೊನೆಗೆ ಏನಾದರೂ ಮಾತನಾಡಿದರೇ. ಬಳಿಯಲ್ಲಿ ನಿಮ್ಮನ್ನು ಬಿಟ್ಟು ಯಾರಿದ್ದರು. ಅಸ್ಥಿ ಎಲ್ಲಿ ಬಿಟ್ಟಿರಿ. ಈ ಕೊನೆಯದು ಮಾವನವರು ಕೇಳಿದ್ದು.

ಗೋದಾಬಾಯಿ

ಬೆಳಗಾವಿ
೫ ಜುಲೈ ೧೯೪೨

ಗಂ. ಭಾ. ಗೋದಾಬಾಯಿಯವರಿಗೆ ನಮಸ್ಕಾರಗಳು.

ಮರ ಸುರಕ್ಷಿತ ಮುಟ್ಟಿದ್ದು ತಿಳಿದು ಸಮಾಧಾನವಾಯಿತು.

ಇದು ಚೀನಾ ದೇಶದ ಎಲ್ಮ್ ಎಂಬ ಜಾತಿ. ನಮ್ಮ ಖೋಲಿಯ ಕೆಳಗೆ ಚೀನೀ ಬಡಗಿಯೊಬ್ಬನಿದ್ದ. ೧೯೩೬ರಲ್ಲಿ ಊರಿಗೆ ಹೋಗುವಾಗ ಶ್ಯಾಮರಾಯರಿಗೆ ಕೊಟ್ಟುಹೋದ. ಜಪಾನಿನವರು ಹೀಗೆ ಕುಂಡದಲ್ಲಿ ಕುಳ್ಳಾಗಿ ಬೆಳೆಸಿದ ಮರಕ್ಕೆ ಬೋನ್ಸಾಯ್ ಅನ್ನುತ್ತಾರಂತೆ. ಬಡಗಿಯ ಲೆಕ್ಕದಲ್ಲಿ ಆಗಲೇ ಇದಕ್ಕೆ ಇಪ್ಪತ್ತು ವರ್ಷ.

ಗುರುತು ಹೀಗಿದೆ. ಎಲೆ ಹೆಬ್ಬೆರಳಿನ ಉಗುರಿಗಿಂತ ಸಣ್ಣದು, ಅಂಚಿಗೆ ಗರಗಸದ ಹಲ್ಲು, ತೊಟ್ಟಿನ ಬಳಿ ಎರಡು ಪಕ್ಕ ಸಮನಾಗಿ ಸೇರುವುದಿಲ್ಲ. ಸಾಮಾನ್ಯ ಚೀನೀ ಎಲ್ಮ್‌ಗೆ ತೊಗಟೆ ತೆಳು, ಅಲ್ಲಲ್ಲಿ ಬಿಲ್ಲೆಯಂತೆ ಕಳಚಿ ಕೆಳಗೆ ಕೇಸರಿ ಬಣ್ಣ ಕಾಣುತ್ತದೆ. ಇದು ಹಾಗಲ್ಲ. ಇದರ ತೊಗಟೆ ಔಷಧದ ಶೀಸೆಯ ಬೂಚಿನಂತಿದೆ. ದಪ್ಪವಾಗಿ, ಉದ್ದಕ್ಕೆ ಸೀಳಿ, ಏಣು ಏಣಾಗಿ ನಿಂತಿರುತ್ತದೆ. ಉಗುರಿನಿಂದ ಒತ್ತಿದರೆ ತಗ್ಗುತ್ತದೆ. ಬೂಚಿನ ತೊಗಟೆಯ ಎಲ್ಮ್ ಸಿಗುವುದು ಕಡಿಮೆ ಎಂದು ಬಡಗಿ ಹೇಳುತ್ತಿದ್ದ. ಆ ತೊಗಟೆ ಉಜ್ಜಬಾರದು, ಕೀಳಬಾರದು. ಒಮ್ಮೆ ಹೋದರೆ ಮತ್ತೆ ಕಟ್ಟಲು ವರ್ಷಗಳು ಬೇಕು.

ಮುಂಜಾನೆಯ ಬಿಸಿಲು ಸಾಕು. ಮೇಲಿನ ಮಣ್ಣು ಒಣಗಿದ ಮೇಲೆ ನೀರು. ಚಿಗುರು ಆರು ಎಲೆ ಬಿಟ್ಟಾಗ ಎರಡು ಎಲೆ ಉಳಿಸಿ ಚಿವುಟಬೇಕು. ಎರಡು ವರ್ಷಕ್ಕೊಮ್ಮೆ, ಚಿಗುರುವ ಮೊದಲು, ಬೇರಿನ ಮೂರನೆಯ ಒಂದು ಪಾಲು ಕತ್ತರಿಸಿ ಮಣ್ಣು ಬದಲಿಸಬೇಕು.

ಕುಂಡ ದಾರಿಯಲ್ಲಿ ಒಡೆಯಿತು. ಸೋಮವಾರದವರೆಗೆ ಮರ ಕೂಲಿಯವನ ಬುಟ್ಟಿಯಲ್ಲಿತ್ತು. ಅಂದು ರಾತ್ರಿ ಅವನು ಓಡಿಹೋದ. ಮರುದಿನದಿಂದ ನಾನು ಬೆನ್ನ ಮೇಲೆ ತಂದೆ. ಆದ್ದರಿಂದ ಬೇರಿಗೆ ಸ್ವಲ್ಪ ಪೆಟ್ಟಾಗಿದೆ. ಅಗಲವಾದ, ತಗ್ಗು ಪಾತ್ರೆಯಲ್ಲಿ ಕೂಡಿಸಿರಿ, ತಳಕ್ಕೆ ತೂತು ಇರಲಿ.

ನೀವು ಕೇಳಿದ್ದಕ್ಕೆ ಹೇಳುವಂಥದು ಹೆಚ್ಚಿಲ್ಲ. ಅವರು ಮಾತನಾಡಲಿಲ್ಲ.

ಪಂಢರಿನಾಥ

ಪುಣೆ
೨ ಸೆಪ್ಟೆಂಬರ್ ೧೯೪೨

ಶ್ರೀ ಪಂಢರಿನಾಥರಾಯರಿಗೆ ನಮಸ್ಕಾರ.

ಆಗಸ್ಟಿನ ಗದ್ದಲದಲ್ಲಿ ಇಲ್ಲಿ ಟಪಾಲು ನಿಂತಿತ್ತು, ಈಗ ಸುರುವಾಗಿದೆ.

ಮರವನ್ನು ಹಿಟ್ಟು ನಾದುವ ಹಳೆಯ ಪರಾತದಲ್ಲಿ ಕೂಡಿಸಿದೆ. ತಳಕ್ಕೆ ಐದು ತೂತು ಹೊಡೆಸಿದೆ. ಪರಾತ ಕೆಡಿಸಿದ್ದಕ್ಕೆ ಅತ್ಯಾ ನಾಲ್ಕು ದಿನ ಮಾತಾಡಲಿಲ್ಲ. ಐದನೆಯ ದಿನ, “ಗಂಡ ಕಳಿಸಿದ್ದು ಸೀರಿ ಅಲ್ಲ, ಬಂಗಾರ ಅಲ್ಲ. ಕಟ್ಟಿಗಿ” ಎಂದರು.

ಆಗಸ್ಟಿನಲ್ಲಿ ಎಲೆ ಹಳದಿಯಾಗಿ ಉದುರತೊಡಗಿದವು. ಎರಡು ಎಲೆ ಕಾಗದದಲ್ಲಿ ಸುತ್ತಿ ಶಿವಾಜಿನಗರದ ಕೃಷಿ ಕಾಲೇಜಿನ ತೋಟಕ್ಕೆ ಹೋದೆ. ಅಲ್ಲಿಯ ಮಾಳಿ ಮುರುಗೆಪ್ಪ ಧಾರವಾಡ ಕಡೆಯವನು. ನಾನು ಮರಾಠಿಯಲ್ಲಿ ಸುರು ಮಾಡಿದೆ. ಅವನು ನನ್ನ ಉಚ್ಚಾರ ಕೇಳಿ, “ಕನ್ನಡದಾಗ ಮಾತಾಡ್ರಿ ಬಾಯಾರ, ಗಿಡಕ್ಕೂ ತಿಳೀತದ” ಎಂದ. ಎಲೆ ನೋಡಿ ಹೇಳಿದ: “ಇದು ನಮ್ಮ ತಪಸಿ ಗಿಡದ ಬಳಗರೀ. ಇಲ್ಲ್ಯವರು ವಾವಳಾ ಅಂತಾರ. ಆದರ ತಪಸಿ ಎಲಿ ಅಂಗೈಯಷ್ಟು ಇರತದ. ಇದು ಗಿಡಾ ಅಲ್ಲ, ಗಿಡದ ಮರಿ. ಹಾಲು ಕುಡಸ್ರಿ.”

ಮರುದಿನ ತಾನೇ ಮನೆಗೆ ಬಂದು ನೋಡಿದ. ನಾನು ಹಾಕಿದ್ದು ಎರೆ ಮಣ್ಣು, ನೀರು ಹಿಡಿದು ಬೇರು ಕೊಳೆಯುತ್ತಿತ್ತು. ಅದನ್ನು ತೆಗೆದು ಗರಸು, ಇಟ್ಟಿಗೆಯ ಚೂರು, ಸ್ವಲ್ಪ ಗೊಬ್ಬರ ಹಾಕಿಕೊಟ್ಟ. ಈಗ ಹಳದಿ ನಿಂತಿದೆ.

ಆ ಪಟ್ಟಿಯ ಅಂಚು ಅವರ ಧೋತರದ್ದೇ. ಹೋದ ಸಲ ಬಂದಾಗ ಲಕ್ಷ್ಮೀ ರಸ್ತೆಯಲ್ಲಿ ಕೊಂಡದ್ದು. ಮರವನ್ನು ನಿಮ್ಮ ಬೆನ್ನಿಗೆ ಕಟ್ಟಿಕೊಟ್ಟವರು ಯಾರು ಎಂದು ಕೇಳುವುದಿತ್ತು.

ಅಸ್ಥಿಯ ಸಂಗತಿ ನೀವು ಬರೆಯಲಿಲ್ಲ. ಮಾವನವರು ನಿಮ್ಮ ಪತ್ರವನ್ನು ಎರಡು ಸಲ ಓದಿಸಿದರು. ಮುಗಿದ ಮೇಲೆ, “ಗಿಡದ ಸಂಗತಿ ಛಲೋ ಬರದಾನ” ಎಂದರು.

ಗೋದಾಬಾಯಿ

ಹುಬ್ಬಳ್ಳಿ
೨೦ ಸೆಪ್ಟೆಂಬರ್ ೧೯೪೨

ಗಂ. ಭಾ. ಗೋದಾಬಾಯಿಯವರಿಗೆ ನಮಸ್ಕಾರಗಳು.

ಈ ತಿಂಗಳು ಹುಬ್ಬಳ್ಳಿಯಲ್ಲಿ ಕೆಲಸ ಸಿಕ್ಕಿದೆ. ವಿಳಾಸ ಕೆಳಗೆ ಬರೆದಿದ್ದೇನೆ.

ಮುರುಗೆಪ್ಪನು ಮಾಡಿದ್ದು ಸರಿ. ಮಳೆ ಮುಗಿದ ಮೇಲೆ ತೆಳ್ಳನೆಯ ತಾಮ್ರದ ತಂತಿ ಸುತ್ತಿ ಎಡಗಡೆಯ ಟೊಂಗೆಯನ್ನು ಸ್ವಲ್ಪ ಕೆಳಗೆ ಬಗ್ಗಿಸಬಹುದು. ಶ್ಯಾಮರಾಯರಿಗೆ ಹಾಗೆ ಮಾಡುವ ಮನಸ್ಸಿತ್ತು. ತಂತಿ ತೊಗಟೆಗೆ ಕಚ್ಚುವ ಮೊದಲು ಬಿಚ್ಚಬೇಕು. ಅವರು ಪ್ರತಿ ರವಿವಾರ ಮರವನ್ನು ಕಾಲು ಸುತ್ತು ತಿರುಗಿಸಿ ಇಡುತ್ತಿದ್ದರು. ಎಲ್ಲ ಪಕ್ಕಕ್ಕೂ ಬಿಸಿಲು ತಾಗಬೇಕು ಎನ್ನುತ್ತಿದ್ದರು.

ಅಸ್ಥಿ ಅಲ್ಲಿಯ ಹಳ್ಳದಲ್ಲಿ ಬಿಟ್ಟೆ. ಹರಿಯುವ ನೀರು. ಮಾವನವರಿಗೆ ತಿಳಿಸಿರಿ.

ಪಂಢರಿನಾಥ

ಪುಣೆ
೧೦ ಜನವರಿ ೧೯೪೩

ಶ್ರೀ ಪಂಢರಿನಾಥರಾಯರಿಗೆ ನಮಸ್ಕಾರ.

ಮರ ಹೋಯಿತು. ತಿಳಿಸಬೇಕೆಂದು ಬರೆಯುತ್ತಿದ್ದೇನೆ.

ಡಿಸೆಂಬರ್ ಇಪ್ಪತ್ತರ ನಂತರ ಇಲ್ಲಿ ಥಂಡಿ ಜೋರಾಯಿತು. ಎಲೆ ಮೊದಲು ಮಂಕಾದವು, ಆಮೇಲೆ ಕೆಂಪಗಾಗಿ ಉದುರಿದವು. ಜನವರಿ ಮೂರಕ್ಕೆ ಒಂದೂ ಉಳಿಯಲಿಲ್ಲ. ನೀರು, ಬಿಸಿಲು ನೀವು ಬರೆದ ಹಾಗೆಯೇ ಇತ್ತು. ರವಿವಾರ ತಪ್ಪದೆ ತಿರುಗಿಸಿದ್ದೇನೆ.

ಮುರುಗೆಪ್ಪನನ್ನು ಕರೆಸಿದೆ. ಅವನು ಚಾಕುವಿನಿಂದ ಕಾಂಡವನ್ನು ಮೂರು ಕಡೆ ಕೆರೆದ. ಮೂರೂ ಕಡೆ ಕಂದು ಪುಡಿ ಬಿತ್ತು, ಹಸಿರು ಕಾಣಲಿಲ್ಲ. “ಒಳಗಿನ ತನಕ ಒಣಗೇದ್ರಿ ಬಾಯಾರ. ಇನ್ನ ಇದರಾಗ ಏನಿಲ್ಲ” ಎಂದು ಹೇಳಿ, ಕೊಟ್ಟ ಎರಡಾಣೆ ಬೇಡವೆಂದು ಹೋದ. ಅತ್ಯಾ, “ಬಂಬದ ಒಲಿಗೆ ಹಾಕು, ಒಂದು ಚರಿಗಿ ನೀರಾದರೂ ಕಾಯ್ತದ” ಎಂದರು. ನಾಳೆ ತೆಗೆಯಬೇಕೆಂದಿದ್ದೇನೆ.

ಇನ್ನೊಂದು ಸಂಗತಿ. ಫಾಲ್ಗುಣ ಶುದ್ಧ ನವಮಿ ಈ ವರ್ಷ ಮಾರ್ಚ್ ಮಧ್ಯದಲ್ಲಿ ಬರುತ್ತದೆ. ವರ್ಷದ ಶ್ರಾದ್ಧ. ಆ ದಿನ ಬ್ರಾಹ್ಮಣಾರ್ಥಕ್ಕೆ, ಎಂದರೆ ಹೋದವರ ಹೆಸರಿನ ಎಲೆಯ ಮುಂದೆ ಕುಳಿತು ಉಣ್ಣಲು, ನೀವೇ ಬರಬೇಕೆಂದು ಮಾವನವರ ಆಶೆ. “ಬೆಂಕಿ ಕೊಟ್ಟವಗ ಊಟಾ ಹಾಕೋದು ನಮ್ಮ ಪುಣ್ಯ” ಎಂದರು. ಅವರಿಗೆ ಎಪ್ಪತ್ತೆರಡು. ಬರುವಿರೋ ಇಲ್ಲವೋ ಬೇಗ ತಿಳಿಸಿರಿ. ಇಲ್ಲದಿದ್ದರೆ ಬೇರೆಯವರಿಗೆ ಹೇಳಬೇಕಾಗುತ್ತದೆ.

ಗೋದಾಬಾಯಿ

ಹುಬ್ಬಳ್ಳಿ
೧೩ ಜನವರಿ ೧೯೪೩

ಗಂ. ಭಾ. ಗೋದಾಬಾಯಿಯವರಿಗೆ.

ಮರ ತೆಗೆಯಬೇಡಿರಿ. ಈ ಕಾರ್ಡು ಮುಟ್ಟುವ ಮೊದಲು ತೆಗೆದಿದ್ದರೆ ನೀರಿನಲ್ಲಿಡಿರಿ.

ರಂಗೂನಿನಲ್ಲಿ ಥಂಡಿ ಇಲ್ಲ. ಅಲ್ಲಿ ಇದು ಎಂದೂ ಪೂರ್ತಿ ಎಲೆ ಉದುರಿಸಲಿಲ್ಲ. ಆದ್ದರಿಂದ ನಿಮಗೆ ಮುಂಚೆ ಬರೆಯಲು ನನಗೆ ತೋಚಲಿಲ್ಲ. ತಮ್ಮ ದೇಶದಲ್ಲಿ ಇದು ನಾಲ್ಕು ತಿಂಗಳು ಬೋಳಾಗಿ ನಿಲ್ಲುತ್ತದೆ ಎಂದು ಬಡಗಿ ಹೇಳಿದ್ದ.

ಕಾಂಡ ಕೆರೆದು ನೋಡಬಾರದು. ಬೂಚು ಯಾವಾಗಲೂ ಒಣಗಿದ್ದೇ. ಮರ ಬದುಕಿದ್ದರೂ ಅದು ಸತ್ತಂತೆಯೇ ಕಾಣುತ್ತದೆ. ತುದಿಯ ಎಳೆಯ ಕಡ್ಡಿಯನ್ನು ಉಗುರಿನಿಂದ ಸ್ವಲ್ಪ ಗೀರಿ ನೋಡಿರಿ. ಹಸಿರಿದ್ದರೆ ಇದೆ. ನೋಡಿ ಕೂಡಲೇ ತಿಳಿಸಿರಿ.

ಪಂಢರಿನಾಥ

ಪುಣೆ
೧೭ ಜನವರಿ ೧೯೪೩

ಶ್ರೀ ಪಂಢರಿನಾಥರಾಯರಿಗೆ.

ಮರ ತೆಗೆದಿರಲಿಲ್ಲ. ಇಂದು ಕಡ್ಡಿ ಗೀರಿದೆ. ಹಸಿರಿದೆ. ಮತ್ತೆರಡು ಕಡ್ಡಿ ನೋಡಿದೆ. ಅಲ್ಲಿಯೂ ಇದೆ.

ಬ್ರಾಹ್ಮಣಾರ್ಥದ ಬಗ್ಗೆ ನೀವು ಬರೆಯಲಿಲ್ಲ.

ಗೋದಾಬಾಯಿ

ಹುಬ್ಬಳ್ಳಿ
೮ ಫೆಬ್ರುವರಿ ೧೯೪೩

ಗೋದಾಬಾಯಿಯವರಿಗೆ.

ನಿಮ್ಮ ಕಾರ್ಡು ಬಂದು ಮೂರು ವಾರವಾಯಿತು. ನಾಲ್ಕು ಸಲ ಬರೆದು ಹರಿದೆ. ನಿಮ್ಮ ಹೆಸರಿನ ಮೊದಲು ಏನು ಬರೆಯಬೇಕೆಂದು ತಿಳಿಯಲಿಲ್ಲ. ಅಷ್ಟು ಜಾಗ ಬಿಟ್ಟಿದ್ದೇನೆ.

ಶ್ರಾದ್ಧಕ್ಕೆ ಬರಲಾರೆ. ಆ ಎಲೆಯ ಮುಂದೆ ಕೂಡಲು ನನಗೆ ಅಧಿಕಾರವಿಲ್ಲ. ನಾನು ಅಗ್ನಿ ಕೊಟ್ಟಿಲ್ಲ. ಅಸ್ಥಿ ಬಿಟ್ಟಿಲ್ಲ.

ಅವರಿಗೆ ಭಾನುವಾರ ತಗಲಿದ್ದು ನಿಜ. ಎಚ್ಚರ ತಪ್ಪಿರಲಿಲ್ಲ. ನಡೆಯುತ್ತಿದ್ದರು, ಕೂಡುತ್ತಿದ್ದರು, ಮತ್ತೆ ನಡೆಯುತ್ತಿದ್ದರು. ಮಂಗಳವಾರ ಮುಂಜಾನೆ ಕೂಲಿಯವನು ಬಿಟ್ಟುಹೋದ ಬುಟ್ಟಿಯಿಂದ ಮರವನ್ನು ತೆಗೆದು ತಮ್ಮ ಧೋತರ ಹರಿದು ನನ್ನ ಬೆನ್ನಿಗೆ ಕಟ್ಟಿದರು. “ಭಾರ ಆಗ್ತದೇನೋ ಪಂಢರಿ” ಎಂದು ಕೇಳಿದರು. ಆಗುವುದಿಲ್ಲ ಎಂದೆ. “ಆದರ ಒಗದು ಬಿಡು, ನನಗ ಹೇಳಬ್ಯಾಡ” ಎಂದು ನಕ್ಕರು. ಅಲ್ಲಿಂದ ಎರಡು ಮೈಲು ಬಂದೆವು. ಒಂದು ದಿಬ್ಬದ ಬದಿಗೆ ಕುಳಿತರು. ನಾನು ನೀರಿಗೆ ಹೋದೆ. ಹಳ್ಳ ದೂರವಿತ್ತು. ತಿರುಗಿ ಬರಲು ಒಂದು ತಾಸಾಗಿರಬೇಕು.

ಬಂದಾಗ ಮಲಗಿದ್ದರು. ಕಣ್ಣು ಅರ್ಧ ತೆರೆದಿತ್ತು. ತುಟಿಯ ಮೇಲೆ ನೊಣ ಕುಳಿತಿತ್ತು, ಏಳಲಿಲ್ಲ. ನಾನು ಎರಡು ಮಾರು ದೂರ ನಿಂತು ಮೂರು ಸಲ ಕರೆದೆ. ಹಿಂದಿನಿಂದ ಬರುತ್ತಿದ್ದವರು ಮುಟ್ಟಬೇಡ, ನಡೆ ಎಂದರು. ನಾನು ಮುಟ್ಟಲಿಲ್ಲ. ನಾಡಿ ನೋಡಲಿಲ್ಲ. ನೀರಿನ ತಂಬಿಗೆ ಅವರ ಕೈಗೆ ಸಿಗುವಷ್ಟು ಹತ್ತಿರ ಇಟ್ಟೆ. ಸತ್ತವರ ಬಳಿ ನೀರು ಯಾಕೆ ಇಟ್ಟೆ ಎಂದು ಆಮೇಲೆ ನನ್ನನ್ನೇ ಕೇಳಿಕೊಂಡೆ. ನಡೆದೆ.

ಸಮುದ್ರ ಮುಟ್ಟಿದ ಮೂರನೆಯ ದಿನ ಒಬ್ಬರು ಹೇಳಿದರು, ಆ ದಾರಿಯ ಬದಿಗೆ ಬಿದ್ದ ರೋಗಿಗಳಲ್ಲಿ ಕೆಲವರನ್ನು ಬಂಡಿಯಲ್ಲಿ ಹಾಕಿ ಯಾವುದೋ ಹಳ್ಳಿಗೆ ಒಯ್ದರಂತೆ. ಯಾರನ್ನು, ಯಾವ ಹಳ್ಳಿಗೆ, ತಿಳಿಯಲಿಲ್ಲ. ನಾನು ತಿರುಗಿ ಹೋಗಲಿಲ್ಲ. ಹಡಗು ಬಂತು, ಏರಿದೆ.

ತಿಥಿ ಮಾತ್ರ ಸುಳ್ಳಲ್ಲ. ನಾನು ಅವರನ್ನು ಬಿಟ್ಟ ದಿನ ಅದು.

ನೀವು ಕಾಂಡ ಕೆರೆದು ಮರ ಸತ್ತಿತೆಂದು ಬರೆದಿರಿ. ಅದರಲ್ಲಿ ನಿಮ್ಮ ತಪ್ಪಿಲ್ಲ, ನಿಮಗೆ ಯಾರೂ ಹೇಳಿರಲಿಲ್ಲ. ನನಗೆ ಎಲ್ಲಿ ನೋಡಬೇಕೆಂದು ಗೊತ್ತಿತ್ತು.

ಪಂಢರಿನಾಥ

ಪುಣೆ
೨೨ ಮಾರ್ಚ್ ೧೯೪೩

ಶ್ರೀ ಪಂಢರಿನಾಥರಾಯರಿಗೆ ನಮಸ್ಕಾರ.

ನಿಮ್ಮ ಪತ್ರ ಫೆಬ್ರುವರಿ ೧೧ಕ್ಕೆ ಬಂತು. ಉತ್ತರ ತಡವಾಗಲು ಕಾರಣ, ಕೆಲವು ಕಡೆ ಬರೆದು ಕೇಳುವುದಿತ್ತು.

ಒಂದು ಮೊದಲು ಹೇಳುತ್ತೇನೆ. ನೀವು ಬರೆದ ಅರ್ಧ ಸಂಗತಿ ನನಗೆ ಹೋದ ಜುಲೈಯಲ್ಲಿಯೇ ತಿಳಿದಿತ್ತು. ಮರ ಬಂದಾಗ ಪಟ್ಟಿಯ ಗಂಟು ಬಿಚ್ಚಿರಲಿಲ್ಲ. ನೀವು ಹೆಗಲಿನಿಂದ ಕುಣಿಕೆ ಜಾರಿಸಿ ಇಳಿಸುತ್ತಿದ್ದಿರೆಂದು ಕಾಣುತ್ತದೆ. ಗಂಟು ಬೆನ್ನ ಕಡೆಗಿತ್ತು. ತಮ್ಮ ಬೆನ್ನಿಗೆ ಯಾರೂ ತಾವೇ ಗಂಟು ಹಾಕಿಕೊಳ್ಳಲಾರರು. ಅದು ಎಡಗೈಯ ಗಂಟು. ಅವರು ಎಡಚರು. ರಜೆ ಮುಗಿಸಿ ಹೋಗುವಾಗ ಹಾಸಿಗೆಯ ಸುರುಳಿಗೂ ಅದೇ ಗಂಟು ಹಾಕುತ್ತಿದ್ದರು, ಬಿಚ್ಚಲು ಯಾರಿಗೂ ಬರುತ್ತಿರಲಿಲ್ಲ. ಮರ ಸೋಮವಾರದವರೆಗೆ ಬುಟ್ಟಿಯಲ್ಲಿತ್ತೆಂದು ನೀವೇ ಬರೆದಿರಿ. ಹಾಗಾದರೆ ಗಂಟು ಬಿದ್ದದ್ದು ಮಂಗಳವಾರ. ಮಂಗಳವಾರ ಗಂಟು ಹಾಕಿದವರು ಭಾನುವಾರದಿಂದ ಎಚ್ಚರ ತಪ್ಪಿರಲಿಲ್ಲ. ಮಾವನವರಿಗೆ ಇಪ್ಪತ್ತು ವರ್ಷ ಪತ್ರಿಕೆ ಓದಿ ಹೇಳಿದವಳು ನಾನು. ಮೊದಲ ಪುಟದ ತಾರೀಖು ಒಳಪುಟದ ತಾರೀಖಿಗೆ ಹೊಂದದಿದ್ದರೆ ಗೊತ್ತಾಗುತ್ತದೆ.

ನೇರ ಕೇಳಿದರೆ ನೀವು ಪತ್ರ ನಿಲ್ಲಿಸುತ್ತಿದ್ದಿರಿ. ಮರದ ಬಗ್ಗೆ ಕೇಳಿದರೆ ಬರೆಯುತ್ತಿದ್ದಿರಿ. ಅದಕ್ಕೆ ಮರದ ಬಗ್ಗೆ ಕೇಳಿದೆ.

ನಿಮ್ಮ ಪತ್ರವನ್ನು ಮಾವನವರಿಗೆ ಪೂರ್ತಿ ಓದಿದೆ. ಒಂದು ಸಾಲೂ ಬಿಡಲಿಲ್ಲ. ಅವರು, “ಭಟ್ಟರಿಗೆ ಹೇಳಿ ಕಳಿಸು, ಈ ಸಲ ಬ್ಯಾಡ ಅಂತ” ಎಂದರು. ಮತ್ತೆ ಸ್ವಲ್ಪ ಹೊತ್ತಿನ ಮೇಲೆ, “ಸುದ್ದಿ ಇಲ್ಲದವರಿಗೆ ಹನ್ನೆರಡು ವರ್ಷ ಕಾಯಬೇಕಂತ ಶಾಸ್ತ್ರದಾಗ ಅದ. ನನಗ ಎಂಬತ್ನಾಕ ಆಗ್ತದ. ನೋಡೂಣು” ಎಂದರು. ನವಮಿಯ ದಿನ ಮನೆಯಲ್ಲಿ ಎಂದಿನ ಅಡಿಗೆ ಆಯಿತು.

ಅತ್ಯಾ, “ಹಂಗಾದರ ಬಳಿ ಇಡಸಬೇಕೇನು ಇಕಿಗೆ? ಒಡದದ್ದು ಕೂಡತಾವೇನು?” ಎಂದು ಗೋಡೆಯ ಕಡೆ ನೋಡಿ ಕೇಳಿದರು. ಎರಡು ದಿನ ಬಿಟ್ಟು ಕುಂಕುಮದ ಬಟ್ಟಲನ್ನು ದೇವರ ಕೋಣೆಯಲ್ಲಿ ನನಗೆ ಕಾಣುವಲ್ಲಿ ಇಟ್ಟಿದ್ದರು. ಸಂಜೆ ಅವರೇ ತೆಗೆದಿಟ್ಟರು. ಮುಂದಿನ ತಿಂಗಳು ಚೈತ್ರದ ಅರಿಷಿಣ ಕುಂಕುಮಕ್ಕೆ ನಮ್ಮ ವಾಡೆಯಲ್ಲಿ ಬಿಡಾರವಿರುವ ಹೆಂಗಸರು ನನ್ನನ್ನು ಕರೆಯಬೇಕೋ ಬೇಡವೋ ಎಂದು ನಳದ ಬಳಿ ಮಾತಾಡುತ್ತಾರೆ. ನಾನು ಹೋದರೆ ಕೊಡ ಎತ್ತಿಕೊಂಡು ನಡೆಯುತ್ತಾರೆ.

ಬರ್ಮಾದಿಂದ ಬಂದವರ ವ್ಯವಸ್ಥೆ ನೋಡುವ ಕಚೇರಿಗೆ ಬರೆದೆ. ಬಂದವರ ಯಾದಿಯಲ್ಲಿ ಅವರ ಹೆಸರಿಲ್ಲ, ಸತ್ತವರ ಯಾದಿಯಲ್ಲಿಯೂ ಇಲ್ಲ ಎಂದು ಉತ್ತರ ಬಂತು. ಆಚೆ ಈಗ ಜಪಾನಿನವರಿದ್ದಾರೆ, ಯುದ್ಧ ಮುಗಿಯುವವರೆಗೆ ವಿಚಾರಿಸಲು ದಾರಿ ಇಲ್ಲ ಎಂದೂ ಬರೆದಿದ್ದಾರೆ. ಕೆಳಗೆ ಸಹಿ ಇದೆ, ಹೆಸರು ಓದಲು ಬರುವುದಿಲ್ಲ.

ನಿಮ್ಮ ಮೇಲೆ ಸಿಟ್ಟು ಬರಬಹುದೆಂದು ಕಾದೆ. ಇನ್ನೂ ಬಂದಿಲ್ಲ. ನೀವು ಮುಟ್ಟದೆ ಹೇಳಿದಿರಿ. ನಾನು ಲಕೋಟೆ ಒಡೆಯದೆ ನಂಬಿದೆ. ತಂಬಿಗೆ ಇಟ್ಟದ್ದು ಒಳ್ಳೆಯದಾಯಿತು.

ಮರ ಫೆಬ್ರುವರಿ ೧೯ಕ್ಕೆ ಚಿಗುರಿತು. ಇಂದಿಗೆ ಎಣಿಸಲು ಬಾರದಷ್ಟು ಎಲೆಗಳಿವೆ. ಮುರುಗೆಪ್ಪ ಬಂದು ನೋಡಿ, “ನನ್ನ ಚಾಕೂ ಸುಳ್ಳು ಹೇಳ್ತು ನೋಡ್ರಿ” ಎಂದ. ಅವನು ಕೆರೆದ ಮೂರು ಜಾಗದಲ್ಲಿ ತೊಗಟೆ ಕೂಡಿಲ್ಲ. ಚಿಗುರುವ ಮೊದಲು ಬೇರು ಕತ್ತರಿಸಬೇಕೆಂದು ಬರೆದಿದ್ದಿರಿ. ಈ ವರ್ಷ ಆ ಹೊತ್ತು ತಪ್ಪಿತು. ಬರುವ ಜನವರಿಯಲ್ಲಿ ಮಾಡಬೇಕು. ಯಾವ ಬೇರು ಬಿಡಬೇಕು, ಯಾವುದು ತೆಗೆಯಬೇಕು ಎಂಬುದು ಪತ್ರದಿಂದ ತಿಳಿಯುವಂಥದಲ್ಲ. ನೀವು ಬಂದು ತೋರಿಸಿರಿ. ಮಾವನವರಿಗೂ ನಿಮ್ಮ ಬಾಯಿಂದ ಒಮ್ಮೆ ಕೇಳುವುದಿದೆ. ಊಟ ಸಾದಾ ಇರುತ್ತದೆ.

ಮುಂದೆ ಬರೆಯುವಾಗ ಲಕೋಟೆಯ ಮೇಲೆ ನನ್ನ ಹೆಸರಿನ ಮೊದಲು ಏನೂ ಬರೆಯಬೇಡಿರಿ. ಸೌ. ಬೇಡ, ಗಂ. ಭಾ. ಬೇಡ. ಬರೀ ಹೆಸರು, ಪೇಠ, ಪುಣೆ. ಟಪಾಲಿನವನಿಗೆ ಹೇಳಿಟ್ಟಿದ್ದೇನೆ. ಅಷ್ಟಿದ್ದರೆ ಮುಟ್ಟುತ್ತದೆ.

ಗೋದಾಬಾಯಿ